ಕೀಮೋ ಮುಗಿದ ಮೇಲೂ ಉಳಿಯುವ ಮಾತ್ರೆ

ಕೀಮೋ ಮುಗಿದಿರುತ್ತದೆ, ಕೂದಲು ಮತ್ತೆ ಚಿಗುರಿರುತ್ತದೆ, ಸ್ಕ್ಯಾನ್ ವರದಿಯೂ ಚೆನ್ನಾಗಿರುತ್ತದೆ. ಔಷಧಿ ಚೀಟಿಯಲ್ಲಿ ಅಸೈಕ್ಲೋವಿರ್ ಎಂಬ ವೈರಸ್ ತಡೆಯುವ ಮಾತ್ರೆಯೊಂದು ಹಾಗೇ ಉಳಿದಿರುತ್ತದೆ. ‘ಕಾಯಿಲೆಯೇ ಹೋಯಿತಲ್ಲ, ಇದಿನ್ನೂ ಯಾಕೆ?’ ಎಂದು ಮನೆಯವರು ಕೇಳುವುದು ಸಹಜ. ಕೆಲವರು ಕೇಳುವುದೂ ಇಲ್ಲ, ಸ್ಟ್ರಿಪ್ ಖಾಲಿಯಾದ ದಿನ ಬಿಟ್ಟುಬಿಡುತ್ತಾರೆ. ಅಪಾಯ ಇರುವುದು ಅಲ್ಲೇ.

ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದು ಹೋದವರ ಮೈಯಿಂದ ಆ ವೈರಸ್ ಪೂರ್ತಿ ತೊಲಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಟ್ಟಲೆ ಅಡಗಿರುತ್ತದೆ. ಅದನ್ನು ಅಲ್ಲೇ ಅದುಮಿಡುವುದು ಟಿ ಕಣಗಳೆಂಬ ಬಿಳಿ ರಕ್ತಕಣಗಳು. ಚಿಕಿತ್ಸೆಯಿಂದ ಅವು ಸೊರಗಿದರೆ ವೈರಸ್ ನರದ ಜಾಡು ಹಿಡಿದು ಚರ್ಮಕ್ಕೆ ಬರುತ್ತದೆ. ಅದೇ ಸರ್ಪಸುತ್ತು. ಮೈಲೋಮಾ ಕ್ಯಾನ್ಸರಿನ ಬೋರ್ಟೆಝೋಮಿಬ್ ಔಷಧದ ದೊಡ್ಡ ಪರೀಕ್ಷೆಯೊಂದರಲ್ಲಿ ಅದನ್ನು ಪಡೆದ ಶೇ. 13 ಮಂದಿಗೆ ಸರ್ಪಸುತ್ತು ಬಂತು. ಬರೀ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಪಡೆದವರಲ್ಲಿ ಶೇ. 5 ಮಂದಿಗೆ.

ಅಸೈಕ್ಲೋವಿರ್ ಬಂದದ್ದು ಗರ್ಟ್ರೂಡ್ ಎಲಿಯನ್ ಅವರ ತಂಡದಿಂದ. ಅಜ್ಜ ಕ್ಯಾನ್ಸರಿನಿಂದ ನರಳಿ ತೀರಿಕೊಂಡದ್ದನ್ನು ಹದಿನೈದರಲ್ಲಿ ಕಂಡು ವಿಜ್ಞಾನಕ್ಕೆ ಬಂದ ಈಕೆ ಲ್ಯುಕೇಮಿಯಾಗೂ ಔಷಧ ಕೊಟ್ಟು, 1988ರಲ್ಲಿ ನೊಬೆಲ್ ಪಡೆದರು. ಅವರ ಈ ಮಾತ್ರೆ ವೈರಸ್ ವೃದ್ಧಿಯಾಗುವುದನ್ನು ತಡೆಯುತ್ತದೆ, ಅಡಗಿರುವುದನ್ನು ಕೊಲ್ಲುವುದಿಲ್ಲ. ಹಾಗಾಗಿ ಮಾತ್ರೆ ಬಿಡುವ ಹೊತ್ತಿಗೆ ಟಿ ಕಣಗಳು ಕಾವಲಿಗೆ ಮರಳಿರಲೇಬೇಕು.

ಅದಕ್ಕೆ ಎಷ್ಟು ಕಾಲ? ದಾನಿಯ ಆಕರಕೋಶ ಕಸಿ ಮಾಡಿಸಿಕೊಂಡವರ ಮೇಲೆ ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನ ಒಂದು ಉತ್ತರ ಕೊಟ್ಟಿತು. ಒಂದು ವರ್ಷ ಮಾತ್ರೆ ನುಂಗಿದವರಲ್ಲಿ ಈ ವೈರಸ್‌ನ ಕಾಯಿಲೆ ಶೇ. 5ಕ್ಕೆ ನಿಂತರೆ, ಇಲ್ಲದವರಲ್ಲಿ ಶೇ. 26 ಮುಟ್ಟಿತ್ತು. ಈಗ ದಾನಿ ಕಸಿಗೆ ಕನಿಷ್ಠ ಒಂದು ವರ್ಷ ಎಂಬುದು ರೂಢಿ. ರೋಗನಿರೋಧ ತಗ್ಗಿಸುವ ಔಷಧ ಇನ್ನೂ ನಡೆಯುತ್ತಿದ್ದರೆ ಅದು ನಿಂತ ಮೇಲೂ ಸುಮಾರು ಆರು ತಿಂಗಳು. ಸ್ವಂತ ಕೋಶಗಳ ಕಸಿಗೆ ಆರರಿಂದ ಹನ್ನೆರಡು ತಿಂಗಳು. ಬೋರ್ಟೆಝೋಮಿಬ್ ಮುಗಿದ ಮೇಲೆ ಸುಮಾರು ಮೂರು ತಿಂಗಳು. ಕೆಲವು ಔಷಧ ಪಡೆದವರಲ್ಲಿ ಸಿಡಿ4 ಎಂಬ ಟಿ ಕಣಗಳ ಎಣಿಕೆ 200 ದಾಟುವವರೆಗೂ ವೈದ್ಯರು ಕಾಯುತ್ತಾರೆ. ಸ್ಟೀರಾಯ್ಡ್ ಎಷ್ಟಿದೆ, ಮೂತ್ರಪಿಂಡ ಹೇಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯಾಟಿನಿನ್ ಏರಿದ್ದರೆ ಡೋಸ್ ಇಳಿಸಬೇಕಾಗುತ್ತದೆ. ಸರ್ಪಸುತ್ತು ತಡೆಯುವ, ಜೀವಂತ ವೈರಸ್ ಇಲ್ಲದ ಶಿಂಗ್ರಿಕ್ಸ್ ಲಸಿಕೆ 2023ರಿಂದ ಭಾರತದಲ್ಲೂ ಸಿಗುತ್ತಿದೆ. ಮಾತ್ರೆ ನಿಲ್ಲಿಸುವ ಮಾತು ಬಂದಾಗ ಲಸಿಕೆಯ ಮಾತೂ ಬರಬೇಕು.

ಹೀಗೇ ಅಡಗಿದ್ದು ಮರಳುವ ಇನ್ನೊಂದು ವೈರಸ್ ಹೆಪಟೈಟಿಸ್ ಬಿ; ಅದರ ಕಥೆ ಇನ್ನೂ ಗಂಭೀರ. ಲಿಂಫೋಮಾ ಕ್ಯಾನ್ಸರಿಗೆ ರಿಟುಕ್ಸಿಮಾಬ್ ಔಷಧ ಪಡೆದವರಲ್ಲಿ, ಎಂದೋ ಬಂದು ಹೋಗಿದ್ದ ಸೋಂಕೂ ಮರಳಿ ಯಕೃತ್ತನ್ನು ಕೆಡಿಸಬಲ್ಲದು; ಜೀವವೂ ಹೋಗಬಹುದು. ಅದಕ್ಕೆಂದು ಕೊಡುವ ಎಂಟೆಕಾವಿರ್ ಅಥವಾ ಟೆನೋಫೋವಿರ್ ಅನ್ನು ಕೊನೆಯ ರಿಟುಕ್ಸಿಮಾಬ್ ಡೋಸ್ ಆದ ಮೇಲೂ ಕನಿಷ್ಠ ಹನ್ನೆರಡು ತಿಂಗಳು ನುಂಗಬೇಕು. ನಿಲ್ಲಿಸಿದ ನಂತರವೂ ಸುಮಾರು ಒಂದು ವರ್ಷ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಈ ಮಾತ್ರೆಯನ್ನು ತಾವಾಗಿಯೇ ಬಿಡುವುದಂತೂ ಸಲ್ಲದು.

ಅಸೈಕ್ಲೋವಿರ್ ನಿಲ್ಲಿಸಿದವರು ಮೈಯ ಒಂದೇ ಮಗ್ಗುಲಿನ ಉರಿಗೆ ಗಮನ ಕೊಡಬೇಕು. ಪಕ್ಕೆಲುಬಿನ ಸುತ್ತ, ಸೊಂಟದಲ್ಲಿ, ಹಣೆಯಲ್ಲಿ ಬಟ್ಟೆ ಸೋಕಿದರೂ ಚುರುಗುಟ್ಟುತ್ತದೆ. ಎರಡು ಮೂರು ದಿನದಲ್ಲಿ ಕೆಂಪಗೆ ಗುಳ್ಳೆಗಳ ಗೊಂಚಲು ಏಳುತ್ತದೆ. ಮಣ್ಣಿನ ಲೇಪ ಹಚ್ಚಿ ಕಾಯುತ್ತ ಕೂತರೆ ಹೊತ್ತು ಮೀರುತ್ತದೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಔಷಧ ಶುರುವಾದರೆ ಫಲ ಹೆಚ್ಚು. ಕಣ್ಣಿನ ಹತ್ತಿರ ಎದ್ದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.