ಡಗ್ಗಾ ಬಾರಿಸುವವನ ನಾಲ್ಕು ಮಾತು

ಭಜನೆ ಮುಗಿದ ಮೇಲೆ ಜನ ಹಾಡಿದವರನ್ನು ಹೊಗಳುತ್ತಾರೆ. ಹಾರ್ಮೋನಿಯಂ ಪೇಟಿಯವರನ್ನು ಹೊಗಳುವುದೂ ಉಂಟು. ತಬಲೆಯವನ ಬಲಗೈ ಚುರುಕಾಗಿದ್ದರೆ ಅದಕ್ಕೂ ಒಂದು ‘ಶಹಬ್ಬಾಸ್’ ಸಿಗುತ್ತದೆ. ಆದರೆ ‘ಡಗ್ಗಾ ಚೆನ್ನಾಗಿತ್ತು’ ಎಂಬ ಮಾತನ್ನು ಈ 22 ವರ್ಷಗಳಲ್ಲಿ ನಾವು ಕೇಳಿದ್ದು ಎರಡೇ ಸಲ. ಅದರಲ್ಲಿ ಒಂದು ಸಲ ಹೇಳಿದವರು ನಮ್ಮ ಮಾವನವರು. ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ನಾವು ವೃತ್ತಿಯಿಂದ ಮಾಸ್ತರರು. ಟಿ.ಸಿ.ಎಚ್. ಮುಗಿಸಿ, ಗಡಿಯಂಚಿನ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯೊಂದರಲ್ಲಿ ಪಾಠ ಹೇಳಿಕೊಂಡಿದ್ದೇವೆ. ಶನಿವಾರ ಸಂಜೆಯಾಯಿತೆಂದರೆ ತಬಲಾ-ಡಗ್ಗಾದ ಚೀಲ ಹೆಗಲಿಗೇರುತ್ತದೆ. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಹಳ್ಳಿಗಳಲ್ಲಿ ಎಲ್ಲಿ ಸಪ್ತಾಹವೋ, ಪುರಾಣದ ಮಂಗಲವೋ, ಯಾರ ಮನೆಯಲ್ಲಿ ಶಿವಭಜನೆಯೋ ಅಲ್ಲಿಗೆ ನಮ್ಮ ಮೇಳ ಹೋಗುತ್ತದೆ. ಬಲಗೈ ನಮ್ಮದು ಸಾಧಾರಣ. ಎಡಗೈಯಿಂದ ಒಂದಿಷ್ಟು ಮರ್ಯಾದೆ ಉಳಿದಿದೆ. ಆದ್ದರಿಂದ ಊರವರು ನಮ್ಮನ್ನು ಕರೆಯುವುದೇ ‘ಡಗ್ಗಾ ಮಾಸ್ತರ್’ ಎಂದು.

ಕಳೆದ ರಜೆಯಲ್ಲಿ ಸಹೋದ್ಯೋಗಿಯೊಬ್ಬರ ಮನೆಯ ಮದುವೆಗೆಂದು ಕಾಸರಗೋಡಿಗೆ ಬಂದಿದ್ದೆವು. ಸಂಜೆ ಅಲ್ಲಿಯ ಭಜನಾ ಮಂದಿರದಲ್ಲಿ ಕುಳಿತೆವು. ತಬಲೆ ಬಾರಿಸುತ್ತಿದ್ದ ಇಬ್ಬರು ಹುಡುಗರು ಆಮೇಲೆ ಹತ್ತಿರ ಬಂದು, ಹತ್ತು ಪ್ರಶ್ನೆ ಕೇಳಿದರು. ಊಟದ ಪಂಕ್ತಿ ಎದ್ದಿದ್ದರಿಂದ ಮೂರಕ್ಕಷ್ಟೇ ಉತ್ತರ ಹೇಳಲಾಯಿತು. ಉಳಿದದ್ದನ್ನು ಅವರ ಮನೆಗೆ ಬರುವ ಪತ್ರಿಕೆಯಲ್ಲೇ ಬರೆಯುತ್ತೇವೆಂದು ಮಾತು ಕೊಟ್ಟಿದ್ದೆವು. ಆ ಮಾತಿನ ಋಣ ಇದು.

ಒಂದೇ ದಿನದ ಮಕ್ಕಳು

ಕಾಸರಗೋಡಿಗೂ ನಮ್ಮ ಕಡೆಗೂ ಒಂದು ನಂಟು ಇದೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಉಸ್ಮಾನಾಬಾದ್ ಜಿಲ್ಲೆಯ ಜೊತೆಗೆ ಅಂದಿನ ಮುಂಬಯಿ ರಾಜ್ಯಕ್ಕೆ ಹೋದವು. 1960ರಲ್ಲಿ ಅದು ಮಹಾರಾಷ್ಟ್ರವಾಯಿತು. 1982ರಲ್ಲಿ ಲಾತೂರು ಬೇರೆ ಜಿಲ್ಲೆಯಾದಾಗ ಉದಗೀರ, ನಿಲಂಗಾ ಅದರ ಪಾಲಿಗೆ ಬಂದವು. ಉಮರ್ಗಾ ಮಾತ್ರ ಉಸ್ಮಾನಾಬಾದಿನಲ್ಲೇ ಉಳಿಯಿತು. ಆ ಜಿಲ್ಲೆಗೆ ಈಗ ಧಾರಾಶಿವ ಎಂದು ಹೆಸರು.

ಹೀಗೆ ನಕಾಶೆಯ ಗೆರೆ ಸರಿದರೂ ಹಾಡು ಮಾತ್ರ ಗೆರೆ ನೋಡಲಿಲ್ಲ. ನಮ್ಮಲ್ಲಿ ಒಂದೇ ರಾತ್ರಿಯಲ್ಲಿ ಮರಾಠಿಯ ಅಭಂಗವೂ ಕನ್ನಡದ ವಚನ, ತತ್ವಪದವೂ ನಡೆಯುತ್ತವೆ. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಉಮರ್ಗಾದ ಮೇಲೆಯೇ ಹಾದುಹೋಗುತ್ತದೆ. ಸೊಲ್ಲಾಪುರದಲ್ಲಿ ಹುಟ್ಟಿ, ಹೈದರಾಬಾದ್ ಆಕಾಶವಾಣಿಯಲ್ಲಿ ತಬಲೆ ನುಡಿಸಿ ದೇಶಕ್ಕೆಲ್ಲ ಹೆಸರಾದ ಉಸ್ತಾದ್ ಶೇಖ್ ದಾವೂದರು ನಮ್ಮ ಕಡೆಯ ತಬಲೆಯವರ ಬಾಯಲ್ಲಿ ಇಂದಿಗೂ ಇದ್ದಾರೆ. ನಾವು ಅವರ ಕಾಲ ಧೂಳಿಗೂ ಸಮನಲ್ಲ. ಆದರೂ ದಾರಿ ಒಂದೇ ಎಂಬ ಹೆಮ್ಮೆ.

ಸುಮ್ಮನಿರುವ ವಿದ್ಯೆ

ಜೋಡಿಯಲ್ಲಿ ಬಲಗೈಯದು ಮರದ ತಬಲೆ; ಎಡಗೈಯದು ತಾಮ್ರದ್ದೋ ಹಿತ್ತಾಳೆಯದ್ದೋ ಮಣ್ಣಿನದೋ ಡಗ್ಗಾ. ತಬಲೆಯ ಕರಿ ಮುದ್ರೆ ನಡುವೆ ಇರುತ್ತದೆ, ಡಗ್ಗಾದ್ದು ಒಂದು ಬದಿಗೆ ಸರಿದಿರುತ್ತದೆ. ಉಳಿದ ಬಯಲಿನಲ್ಲಿ ಅಂಗೈಯ ಹಿಮ್ಮಡಿ ಊರಿ ಒತ್ತಿದರೆ ದನಿ ಮೇಲೇರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಹೊಸಬರೆಲ್ಲ ಈ ‘ಗುಂಯ್’ ಎಂಬ ದನಿಗೆ ಮರುಳಾಗಿ ಪ್ರತಿ ಮಾತ್ರೆಗೂ ಒತ್ತುತ್ತಾರೆ. ಉಪ್ಪಿನಕಾಯಿ ರುಚಿಯೆಂದು ಅದನ್ನೇ ಅನ್ನದಂತೆ ಉಂಡ ಹಾಗೆ ಅದು.

ನಮ್ಮ ಅಭಿಪ್ರಾಯದಲ್ಲಿ ಡಗ್ಗಾದ ಮುಖ್ಯ ಕೆಲಸ ಸುಮ್ಮನಿರುವುದು. 16 ಮಾತ್ರೆಯ ತೀನ್‌ತಾಳವನ್ನೇ ನೋಡಿ. 10ನೆಯ ಮಾತ್ರೆಯಿಂದ 13ರವರೆಗೆ ಬೋಲು ತಿನ್, ತಿನ್, ತಾ, ತಾ ಎಂದಿರುತ್ತದೆ. ಅಲ್ಲಿ ಡಗ್ಗಾ ಬಾಯಿ ಮುಚ್ಚಿಕೊಂಡಿರಬೇಕು. 14ರ ಧಿನ್‌ಗೆ ಅದು ಮತ್ತೆ ದನಿ ಎತ್ತಿದಾಗ, ಸಮ ಇನ್ನು ಮೂರೇ ಮಾತ್ರೆ ದೂರ ಎಂದು ಹಾಡುವವನಿಗೆ ನೋಡದೆಯೇ ಗೊತ್ತಾಗುತ್ತದೆ. ಆ ನಾಲ್ಕು ಮಾತ್ರೆ ಸುಮ್ಮನಿರಲಾರದವನು ಹಾಡುವವನ ಕೈಯ ದೀಪ ಆರಿಸಿದಂತೆ. ಭಜನೆಯ 8 ಮಾತ್ರೆಯ ಠೇಕೆಗೂ ಇದೇ ನ್ಯಾಯ.

ಹೊರಡುವ ಮುನ್ನ, ಕೂತ ಮೇಲೆ

ಮನೆಯಲ್ಲಿ ಶ್ರುತಿ ಮಾಡಿಕೊಂಡು ಹೋಗಬೇಡಿ. ಚರ್ಮ ಗಾಳಿಯ ಮಾತು ಕೇಳುತ್ತದೆ. ತೇವಕ್ಕೆ ಸಡಿಲಾಗುತ್ತದೆ, ಬಿಸಿಗೆ ಬಿಗಿಯುತ್ತದೆ. ಅರ್ಧ ಗಂಟೆ ಮೊದಲೇ ಹೋಗಿ, ವಾದ್ಯವನ್ನು ಕೂರುವ ಜಾಗದಲ್ಲೇ ಚೀಲದಿಂದ ತೆಗೆದಿಡಿ. ಆ ಗಾಳಿಗೆ ಅದು ಹೊಂದಿಕೊಂಡ ಮೇಲೆ ಸುತ್ತಿಗೆ ಮುಟ್ಟಿ. ನಮ್ಮ ಕಡೆ ವೈಶಾಖದ ಬಿಸಿಲಿನಲ್ಲಿ ಬಸ್ಸಿನ ಮೇಲಿಟ್ಟ ತಬಲೆ ಹರಿದದ್ದುಂಟು. ಕರಾವಳಿಯಲ್ಲಿ ಆಟಿ ತಿಂಗಳ ಮಳೆಗೆ ಡಗ್ಗಾ ಒದ್ದೆ ಗೋಣಿಯಂತೆ ನುಡಿಯುತ್ತದೆ. ಹಾಗೆಂದು ಒಲೆಯ ಬಳಿ ಇಡಬಾರದು. ದಪ್ಪ ಬಟ್ಟೆಯಲ್ಲಿ ಸುತ್ತಿ ಒಣ ಕಪಾಟಿನಲ್ಲಿಡಿ. ನುಡಿಸುವ ಮೊದಲು ಒಣ ಬಟ್ಟೆಯಿಂದ ಮೆಲ್ಲಗೆ ಉಜ್ಜಿದರೆ ಸಾಕು.

ಹಾಡುವವರ ಸುರ ಮೊದಲೇ ಕೇಳಿಕೊಳ್ಳಿ. ನಮ್ಮ ಗಂಡಸರು ಬಹುಮಟ್ಟಿಗೆ ಕರಿ ಒಂದು, ಕರಿ ಎರಡರಲ್ಲಿ ಹಾಡುತ್ತಾರೆ. ಹೆಣ್ಣುಮಕ್ಕಳ ಮೇಳ ಕರಿ ನಾಲ್ಕು, ಐದಕ್ಕೆ ಹೋಗುತ್ತದೆ. ಅಗಲ ಬಾಯಿಯ ತಬಲೆಯನ್ನು ಅಷ್ಟು ಮೇಲಕ್ಕೆ ಎಳೆದರೆ ಚರ್ಮಕ್ಕೆ ಅಪಾಯ. ಸಾಧ್ಯವಿದ್ದರೆ ಚಿಕ್ಕ ಬಾಯಿಯದೊಂದು ಬೇರೆ ಇರಲಿ. ಹೆಚ್ಚು ವ್ಯತ್ಯಾಸವಿದ್ದರೆ ಗಟ್ಟಾಗಳನ್ನು ತಟ್ಟಬೇಕು. ಸ್ವಲ್ಪವೇ ಇದ್ದರೆ ಮೇಲಿನ ಹೆಣಿಗೆಯ ಅಂಚಿಗೆ, ಎದುರುಬದುರು ತಟ್ಟುತ್ತಾ ಬರಬೇಕು. ಒಂದೇ ಕಡೆ ಹೊಡೆದರೆ ಒಂದು ತಬಲೆಯಲ್ಲಿ ಎರಡು ಸುರ ಕೇಳುತ್ತೀರಿ.

ಚೀಲದಲ್ಲಿ ಸುತ್ತಿಗೆ, ವಾದ್ಯದ ಕೆಳಗಿಡುವ ಸಿಂಬಿಗಳು, ಕೈ ಒರೆಸುವ ಬಟ್ಟೆ, ಚಿಟಿಕೆ ಪೌಡರು, ಒಂದು ಟಾರ್ಚು ಇರಲಿ. ಪ್ರಸಾದದ ಎಣ್ಣೆ ಕೈಯಲ್ಲಿ ಚರ್ಮ ಮುಟ್ಟಬಾರದು. ಡಗ್ಗಾದ ಮೇಲೆ ಚಹದ ಲೋಟ ಇಡುವವರು ನಮ್ಮಲ್ಲೂ ಇದ್ದಾರೆ, ನಿಮ್ಮಲ್ಲೂ ಇರಬಹುದು. ಅಂಥವರನ್ನು ನಯವಾಗಿ ಎಬ್ಬಿಸಿ ತಾಳದ ಕೆಲಸಕ್ಕೆ ಹಚ್ಚಿರಿ. ಎರಡೂ ಕೈ ತುಂಬಿರುತ್ತವೆ.

ಮೈಕಿನ ವಿಷಯ. ಮಂದಿರದ ಮಾಡಿಗೆ ಕಟ್ಟಿದ ತುತ್ತೂರಿ ಸ್ಪೀಕರಿನಿಂದ ಡಗ್ಗಾದ ಕೆಳದನಿ ಹೊರಗೆ ಬರುವುದೇ ಇಲ್ಲ. ಎಷ್ಟು ಜೋರು ಹೊಡೆದರೂ ಬೆರಳು ನೊಂದೀತೇ ಹೊರತು ಫಲವಿಲ್ಲ. ಪೆಟ್ಟಿಗೆ ಸ್ಪೀಕರಿದ್ದರೆ ಕಷ್ಟ ತಿರುಗುಮುರುಗು. ಮೈಕು ಹತ್ತಿರವಾದಷ್ಟೂ ಕೆಳದನಿ ಉಬ್ಬಿ, ಹಾಡಿನ ಮಾತು ಅದರಡಿ ಮುಚ್ಚಿಹೋಗುತ್ತದೆ. ಒಂದು ಗೇಣು ದೂರವಿಡಿ. ಕೊನೆಯ ಸಾಲಿನಲ್ಲಿ ಕೂತ ಅಜ್ಜಿಯೊಬ್ಬರನ್ನು, ಮಾತು ತಿಳಿಯುತ್ತದೆಯೇ ಎಂದು ಕೇಳಿಬಿಡಿ. ಅವರು ಹೂಂ ಎಂದರೆ ಎಲ್ಲ ಸರಿ ಇದೆ ಎಂದೇ ಅರ್ಥ.

ಬಸ್ ಚಾರ್ಜಿನ ಮಾತನ್ನು ಮೊದಲೇ ಆಡಿಕೊಳ್ಳಿ. ದೇವರ ಕೆಲಸಕ್ಕೆ ಸಂಬಳ ಬೇಡ ಎನ್ನುವವರು ನಾವು. ಆದರೆ ನಡುರಾತ್ರಿ ಮೇಳವನ್ನು ಬಸ್ ನಿಲ್ದಾಣದಲ್ಲಿ ಬಿಟ್ಟು ಕೈಮುಗಿದು ಹೋಗುವ ಯಜಮಾನರನ್ನೂ ಕಂಡವರು.

ಎಡವಿದ್ದು ಎಲ್ಲಿ?

ಇಷ್ಟೆಲ್ಲ ತಿಳಿದೂ ಒಮ್ಮೆ ನಾವು ತಾಳ ತಪ್ಪಿದೆವು. ಉದಗೀರದ ಕಡೆಯ ಹಳ್ಳಿಯೊಂದರಲ್ಲಿ ಸಪ್ತಾಹ. ಹಾಡುತ್ತಿದ್ದವನು ಹದಿನಾರರ ಹುಡುಗ, ನಮ್ಮ ಮೇಳದವನೇ. ಮನೆಮಾತು ಕನ್ನಡ, ಶಾಲೆ ಮರಾಠಿ. ಎರಡನೆಯ ನುಡಿಗೆ ಬರುತ್ತಲೇ ಹಾಡು ನಮ್ಮ ಕೈಯಿಂದ ಜಾರಿತು. ಮತ್ತೆ ಹಿಡಿದೆವು, ಮತ್ತೆ ಜಾರಿತು. ತಾಳ ಹಾಕುತ್ತಿದ್ದ ಹಿರಿಯರು ಕೈ ಎತ್ತಿ ನಿಲ್ಲಿಸಿದರು.

“ತಮ್ಮಾ, ಏನಂತ ಓದ್ದಿ ಅಲ್ಲಿ?”

“ಬೇಳೆ ಅಂತ ಅದ ಮುತ್ಯಾ.”

“ಬ್ಯಾಳಿ ಉದಗೀರದ ಮಿಲ್‌ನಾಗ ಆಗ್ತದಪ್ಪಾ. ಹೊಲದಾಗ ಬರೋದು ಬೆಳಿ!”

ಕೂತವರೆಲ್ಲ ನಕ್ಕರು. ಹುಡುಗ ತಲೆ ತಗ್ಗಿಸಿದ. ಅವನ ವಹಿಯನ್ನು ಇಸಿದುಕೊಂಡು ನೋಡಿದೆವು. ಕನ್ನಡದ ಪದಗಳೆಲ್ಲ ದೇವನಾಗರಿಯಲ್ಲಿ ಬರೆದಿದ್ದವು. ತಪ್ಪು ಅವನದಲ್ಲ. ಮರಾಠಿ ಬರವಣಿಗೆಯಲ್ಲಿ ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ ಇಲ್ಲ. ಎರಡಕ್ಕೂ ಒಂದೇ ಗುರುತು. ಬೆಳೆಯೂ ಬೇಳೆಯೂ ಒಂದೇ, ಕೊಡುವೂ ಕೋಡುವೂ ಒಂದೇ. ಬೆಳೆ ಎಂದರೆ ಎರಡು ಮಾತ್ರೆ, ಬೇಳೆ ಎಂದರೆ ಮೂರು. ಆ ಒಂದು ಮಾತ್ರೆಯ ಹಳ್ಳದಲ್ಲೇ ನಮ್ಮ ಡಗ್ಗಾ ಬಿದ್ದದ್ದು. ಪಾಠದ ಕೋಣೆಯಲ್ಲಿ ಹ್ರಸ್ವ-ದೀರ್ಘ ಎಂದು ವರ್ಷಗಟ್ಟಲೆ ಕೂಗಿದ ಮಾಸ್ತರರಿಗೆ, ಅದು ಎಡಗೈಗೆ ತಾಗಿದ್ದು ಅಂದೇ.

ಮಲಯಾಳ ಲಿಪಿಯಲ್ಲಿ ಈ ಭೇದ ಉಂಟು, ಆದ್ದರಿಂದ ನಿಮ್ಮ ಮಕ್ಕಳು ಈ ಹಳ್ಳಕ್ಕೆ ಬೀಳಲಾರರು. ಆದರೆ ಭಜನೆಯ ಪುಸ್ತಕ ಮಲಯಾಳದಲ್ಲಿ ಬರೆದುಕೊಳ್ಳುವ ಮಗು, ಮುಂದೆ ಕನ್ನಡದ ಯಾವ ಪುಸ್ತಕವನ್ನು ತೆರೆದೀತು? ಮನೆಯವರು ಯೋಚಿಸಬೇಕು. ನಮ್ಮ ಮೇಳದ ಹನ್ನೊಂದು ಜನರಲ್ಲಿ ಅಂದು ಕನ್ನಡ ಓದಬಲ್ಲವರು ನಾಲ್ವರು ಮಾತ್ರ, ಎಲ್ಲರೂ ನಲವತ್ತು ದಾಟಿದವರು. ಇನ್ನು ಇಪ್ಪತ್ತು ವರ್ಷಕ್ಕೆ ಏನಾದೀತೆಂದು ಲೆಕ್ಕ ಹಾಕಲು ಗಣಿತದ ಮಾಸ್ತರರೇ ಬೇಕಿಲ್ಲ.

ತಗ್ಗು ಬಿದ್ದ ಡಗ್ಗಾ

ಅಂದು ತಾಳ ನಿಲ್ಲಿಸಿದ ಹಿರಿಯರ ಮನೆಯಲ್ಲಿ ಒಂದು ಹಿತ್ತಾಳೆಯ ಡಗ್ಗಾ ಇತ್ತು. ಅದರ ಹೊಟ್ಟೆಯಲ್ಲಿ ಅಂಗೈಯಗಲದ ತಗ್ಗು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದು ಜನ ಮಲಗಿದ್ದಾಗ, ಕಿಲ್ಲಾರಿಯ ಸುತ್ತಿನಲ್ಲಿ ಭೂಮಿ ನಡುಗಿತು. ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆಗಳು ಮಲಗಿದವರ ಮೇಲೆಯೇ ಕೂತವು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸಾವಿರಾರು ಜನ ಹೋದರು; ಆಮೇಲೆ ಐವತ್ತಕ್ಕೂ ಹೆಚ್ಚು ಊರುಗಳನ್ನು ಬೇರೆ ಜಾಗದಲ್ಲಿ ಕಟ್ಟಿಕೊಡಬೇಕಾಯಿತು. ನಾವು ಆಗ ಎಂಟನೆಯ ಇಯತ್ತೆ. ಈ ಹಿರಿಯರ ಅಣ್ಣ ಆ ರಾತ್ರಿ ಡಗ್ಗಾ ಬಾರಿಸಿ ಬಂದು, ಅದನ್ನು ತಲೆದೆಸೆಯಲ್ಲಿಟ್ಟು ಮಲಗಿದ್ದರಂತೆ. ಮೂರನೆಯ ದಿನ ಕಲ್ಲು ಸರಿಸಿದಾಗ ಡಗ್ಗಾ ಸಿಕ್ಕಿತು. ಅಣ್ಣ ಉಳಿದಿರಲಿಲ್ಲ.

ಸಪ್ತಾಹದ ಮರುವಾರ ಹಿರಿಯರು ಆ ಡಗ್ಗಾವನ್ನು ಬಟ್ಟೆಯಲ್ಲಿ ಸುತ್ತಿ ನಮ್ಮ ಮನೆಗೆ ತಂದರು. “ಮಾಸ್ತರ್, ಇದು ಮ್ಯಾಳದ್ದಾಗ್ಲಿ. ಹುಡುಗುರು ಕಲೀಲಿ. ಖರೆ, ಕನ್ನಡ ಓದ್ಲಿಕ್ಕೆ ಬಂದವ್ರ ಕೈಗೇ ಕೊಡ್ರಿ,” ಎಂದರು.

ಅಂದಿನಿಂದ ನಮ್ಮ ಸೋಮವಾರದ ತಾಲೀಮಿಗೆ ಒಂದು ಕಟ್ಟಳೆ. ಮೊದಲ ಅರ್ಧ ಗಂಟೆ ಪಾಟಿ, ಬಳಪ. ಅಂದು ಹಾಡುವ ಪದದ ಮೊದಲ ನುಡಿಯನ್ನು ಕನ್ನಡದಲ್ಲಿ ಬರೆದವನಿಗೆ ಮೊದಲು ಆ ಡಗ್ಗಾ. ಬರೆಯದವನಿಗೆ ತಾಳ. ಗದರಿಕೆಯಿಲ್ಲ, ಪರೀಕ್ಷೆಯಿಲ್ಲ. ಏಳು ಹುಡುಗರು ಬಂದರು. ಇಬ್ಬರು ತಿಂಗಳೊಳಗೆ ಬಿಟ್ಟರು. ಇನ್ನಿಬ್ಬರದು ಇನ್ನೂ ಒತ್ತಕ್ಷರದ ತಕರಾರು. ಮೂವರು ಓದುತ್ತಾರೆ. ಅವರಲ್ಲಿ ‘ಬೇಳೆ’ಯ ಹುಡುಗನೂ ಒಬ್ಬ. ಅವನ ವಹಿಯಲ್ಲಿ ಈಗ ಎಡಗಡೆ ದೇವನಾಗರಿ, ಬಲಗಡೆ ಕನ್ನಡ. ಎಡಗಡೆಯದನ್ನು ನಾವು ಅಳಿಸಲು ಹೇಳಿಲ್ಲ. ಮರಾಠಿಯೂ ಅವನಿಗೆ ಅನ್ನ ಕೊಡುವ ಭಾಷೆಯೇ.

ಮೊನ್ನೆ ಅವನು ಡಗ್ಗಾದ ತಗ್ಗಿನ ಮೇಲೆ ಕೈಯಾಡಿಸಿ, “ಸರ್, ಉಮರ್ಗಾದಾಗ ಕೊಟ್ರ ಇದನ್ನ ಬಡದು ಸಮ ಮಾಡಿ ಕೊಡ್ತಾರ್ರಿ,” ಎಂದ. ಹಿರಿಯರನ್ನು ಕೇಳು ಎಂದೆವು. ಕೇಳಿಕೊಂಡು ಬಂದ. ಚರ್ಮ ಹೊಸದು ಹಾಕಿಸಿರಿ, ತಗ್ಗು ಹಾಗೇ ಇರಲಿ ಎಂದರಂತೆ. ಹಾಗೆಯೇ ಮಾಡಿದ್ದೇವೆ. ದನಿಯಲ್ಲಿ ನಮ್ಮ ಕಿವಿಗೆ ವ್ಯತ್ಯಾಸ ತೋರಲಿಲ್ಲ.

ಕಾಸರಗೋಡಿನ ಆ ಇಬ್ಬರು ಹುಡುಗರಿಗೆ: ನೀವು ಕೇಳಿದ ಹತ್ತರಲ್ಲಿ ಒಂಬತ್ತಕ್ಕೆ ಉತ್ತರ ಇಲ್ಲಿದೆ. ಬಲಗೈ ಚುರುಕಾಗುವುದು ಹೇಗೆ ಎಂಬ ಹತ್ತನೆಯದನ್ನು ನಿಮ್ಮ ಊರಿನ ಮದ್ದಳೆಗಾರರನ್ನು ಕೇಳಿ. ಉತ್ತರ ಸಿಕ್ಕಿದರೆ ನಮಗೂ ಒಂದು ಕಾಗದ ಬರೆಯಿರಿ, ಕನ್ನಡದಲ್ಲಿ.