ನೀರೊಳಗೆ ನೆನೆಯದಿರುವ ವಿದ್ಯೆ

ಐಸ್‌ಲ್ಯಾಂಡಿನ ಥಿಂಗ್‌ವೆಲ್ಲಿರ್ ರಾಷ್ಟ್ರೀಯ ಉದ್ಯಾನದಲ್ಲಿ ಸಿಲ್ಫ್ರಾ ಎಂಬ ನೆಲಬಿರುಕೊಂದಿದೆ. ಉತ್ತರ ಅಮೆರಿಕ ಮತ್ತು ಯುರೇಷಿಯಗಳ ಭೂಫಲಕಗಳು ಪರಸ್ಪರ ದೂರ ಸರಿಯುವ ವಲಯವದು. ಹಿಮನದಿ ಕರಗಿದ ನೀರು ಲಾವಾಶಿಲೆಯೊಳಗೆ ದಶಕಗಳ ಕಾಲ ಸೋಸಿಕೊಂಡು ಅಲ್ಲಿಗೆ ಬಂದು ಸೇರುತ್ತದೆ. ಆ ನೀರಿನ ನಿರ್ಮಲತೆ ಬೆರಗು ಹುಟ್ಟಿಸುವಂಥದು. ಅದರ ಉಷ್ಣತೆ ಮಾತ್ರ ವರ್ಷವಿಡೀ 2ರಿಂದ 4 ಡಿಗ್ರಿ ಸೆಲ್ಸಿಯಸ್. ಇಂಥಲ್ಲಿ ಮುಳುಗುವವರು ಏನನ್ನು ತೊಡುತ್ತಾರೆ, ತೊಟ್ಟುದನ್ನು ಹೇಗೆ ಕಾಪಾಡುತ್ತಾರೆ ಎಂಬುದು ಇಂದಿನ ವಿಷಯ.

ನಮ್ಮ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಬೆಚ್ಚನೆಯ ಕಡಲಿಗೆ ತೆಳುವಾದ ವೆಟ್ ಸೂಟ್ ಸಾಕು. ಅದರೊಳಗೆ ನುಗ್ಗಿದ ನೀರು ಮೈಬಿಸಿಗೇ ಬೆಚ್ಚಗಾಗುತ್ತದೆ. ಶೀತಜಲದಲ್ಲಿ ಈ ಉಪಾಯ ನಡೆಯದು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸೆಳೆಯುತ್ತದೆ. ಆದುದರಿಂದ ನೀರನ್ನೇ ಹೊರಗಿಟ್ಟು, ಮೈಸುತ್ತ ಗಾಳಿಯನ್ನು ನಿಲ್ಲಿಸುವ ಡ್ರೈ ಸೂಟ್ ಬೇಕಾಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ತೆಳುಪದರಗಳ ಹೊರ ಉಡುಪು ನೀರನ್ನು ತಡೆಯುತ್ತದೆಯೇ ಹೊರತು ಬಿಸಿಯನ್ನು ಕೊಡುವುದಿಲ್ಲ. ಬಿಸಿಯನ್ನು ಕಾಯುವುದು ಒಳ ಉಡುಪಿನಲ್ಲಿ ನಿಂತ ಗಾಳಿ. ಅದಕ್ಕೆ ಉಣ್ಣೆ ಅಥವಾ ಕೃತಕ ನೂಲು ತಕ್ಕುದು; ಬೆವರನ್ನು ಹೀರಿ ಒದ್ದೆಯಾಗಿ ಉಳಿಯುವ ಹತ್ತಿ ಸಲ್ಲದು. ಉಡುಪು ತೊಟ್ಟು ಕೈಯನ್ನು ಹಿಂದಕ್ಕೆ ಚಾಚಿದರೆ ಸಿಲಿಂಡರಿನ ತಿರುಪು ಎಟುಕಬೇಕು. ಕುತ್ತಿಗೆಯ ಸೀಲ್ ಸಡಿಲವಾದರೆ ನೀರು ಒಳನುಗ್ಗುತ್ತದೆ. ಅತಿ ಬಿಗಿಯಾದರೆ ಕುತ್ತಿಗೆಯ ರಕ್ತನಾಳಗಳು ಒತ್ತಿ ಮೂರ್ಛೆಯೇ ಬರಬಹುದು.

ಬೆಚ್ಚಗಿಡುವ ಗಾಳಿಯೇ ಅಪಾಯವನ್ನೂ ತರಬಲ್ಲದು. ಹತ್ತು ಮೀಟರ್ ಆಳದಿಂದ ಮೇಲ್ಮೈಗೆ ಬರುವಷ್ಟರಲ್ಲಿ ಅದು ಹಿಗ್ಗಿ ಇಮ್ಮಡಿಯಾಗುತ್ತದೆ. ತೋಳಿನ ವಾಲ್ವಿನಿಂದ ಸಕಾಲದಲ್ಲಿ ಹೊರಬಿಡದಿದ್ದರೆ ಮುಳುಗಿದವನನ್ನು ಅದು ರಭಸದಿಂದ ಮೇಲಕ್ಕೆಸೆಯುತ್ತದೆ. ಶ್ವಾಸಕೋಶಕ್ಕೂ ರಕ್ತಕ್ಕೂ ಆ ವೇಗ ಮಾರಕವಾಗಬಹುದು. ಈ ಉಡುಪಿನ ಬಳಕೆಯನ್ನು ಮೊದಲು ಗುರುಮುಖೇನ ಆಳವಿಲ್ಲದ ನೀರಿನಲ್ಲಿ ಕಲಿಯಬೇಕೆನ್ನುವುದು ಇದರಿಂದಲೇ.

ಉಸಿರು ಕೊಡುವ ರೆಗ್ಯುಲೇಟರಿನದು ಬೇರೊಂದು ಸಂಕಟ. ಸಿಲಿಂಡರಿನ ಗಾಳಿ ಹಿಗ್ಗುತ್ತ ತಣ್ಣಗಾಗಿ ಯಂತ್ರದಲ್ಲಿ ಮಂಜು ಕಟ್ಟಿದರೆ, ಗಾಳಿ ತಡೆಯಿಲ್ಲದೆ ಸುರಿದು ಕೆಲವೇ ನಿಮಿಷಗಳಲ್ಲಿ ಬರಿದಾಗಬಹುದು. ಶೀತಜಲಕ್ಕೆಂದೇ ಮುಚ್ಚಿ ಕಟ್ಟಿದ ರೆಗ್ಯುಲೇಟರನ್ನೇ ಆರಿಸಬೇಕು. ಕೊರೆಯುವ ಹೊರಗಾಳಿಯಲ್ಲಿ ಅದರಿಂದ ಉಸಿರಾಡಿ ಪರೀಕ್ಷಿಸುವ ಚಪಲವನ್ನು ಬಿಡಬೇಕು. ತರಬೇತಾದವರಿಂದ ನಿಯತಕಾಲಕ್ಕೆ ಅದನ್ನು ಬಿಚ್ಚಿಸಿ ಶುದ್ಧಿಗೊಳಿಸಬೇಕು.

ಇನ್ನು ಉಡುಪಿನ ಆರೈಕೆ. ಮುಳುಗಿ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಹೊರಮೈಯನ್ನೂ ಒಳಮೈಯನ್ನೂ ಒಣಗಿಸಬೇಕು. ಲೇಟೆಕ್ಸ್ ಸೀಲುಗಳಿಗೆ ಎಣ್ಣೆ, ಬಿಸಿಲುಗಳೇ ಶತ್ರುಗಳು. ಅವುಗಳಿಗೆ ಸುವಾಸನೆಯಿಲ್ಲದ ಟಾಲ್ಕ್ ಪುಡಿ ಸವರಿಡಬೇಕು. ಲೋಹದ ಹಲ್ಲುಗಳ ಜಿಪ್ಪನ್ನು ಶುಚಿಮಾಡಿ ಮೇಣ ತಿಕ್ಕಬೇಕು. ಎಂದಿಗೂ ಮಡಿಚಿ ಮುರಿಯಬಾರದು. ಬೆನ್ನಹಿಂದಿನ ಜಿಪ್ಪನ್ನು ತೊಟ್ಟವನು ತಾನೇ ಕಾಣಲಾರ. ಅದು ಕೊನೆಯ ಹಲ್ಲಿನವರೆಗೂ ಮುಚ್ಚಿತೇ ಎಂದು ಸಂಗಡಿಗನೇ ನೋಡಿ ಹೇಳಬೇಕು.

ಉಡುಪು ಎಷ್ಟೇ ಬೆಲೆಬಾಳಲಿ, ಪ್ರಾಣ ನಿಂತಿರುವುದು ಬೆರಳಗಲದ ಆ ಸೀಲಿನ ಮೇಲೆ, ಒಂದು ಸಾಲು ಹಲ್ಲಿನ ಮೇಲೆ. ಅವನ್ನು ನೋಡಿಕೊಳ್ಳುವ ತಾಳ್ಮೆಯಿಲ್ಲದವನು ದಡದಲ್ಲಿಯೇ ನಿಂತು ಆ ತಿಳಿನೀರನ್ನು ನೋಡಿ ಸಂತೋಷಪಡುವುದು ಲೇಸು.