ಎರಡು ರಿಯಾಲಿಗೆ ಶುರುವಾಗುವ ಚರಿತ್ರೆ: ಕತಾರ್ ಕರಾವಳಿಯಲ್ಲಿ ಒಂಟಿ ತಿರುಗಾಟ



ಈದ್ ರಜೆ ಹತ್ತಿರ ಬಂತೆಂದರೆ ನಮ್ಮ ಆಫೀಸಿನಲ್ಲಿ ಮಾತೆಲ್ಲ ಟರ್ಕಿ, ಗ್ರೀಸ್‌ಗಳದ್ದೇ. ಮೆಡಿಟರೇನಿಯನ್ ಕಡಲತೀರ, ಹಳೇ ಕೋಟೆ, ಹಾಳುಬಿದ್ದ ಪಟ್ಟಣ... ಕೇಳಲು ಚೆಂದ. ಆದರೆ ಮಕ್ಕಳ ಸ್ಕೂಲ್ ಫೀಸು, ಊರಿಗೆ ಕಳಿಸುವ ದುಡ್ಡು, ವರ್ಷಕ್ಕೊಮ್ಮೆ ಬೆಂಗಳೂರಿಗೋ ಮಂಗಳೂರಿಗೋ ಹೋಗುವ ಟಿಕೆಟ್ಟು ಎಲ್ಲ ಕಳೆದ ಮೇಲೆ ಅಂಥ ಪ್ರವಾಸಕ್ಕೆ ಉಳಿಯುವುದು ಎಷ್ಟು ಎಂದು ನಿಮಗೆ ಗೊತ್ತೇ ಇದೆ. ಹೋಗಲಿ, ಇಲ್ಲೇ ಏನಾದರೂ ನೋಡೋಣ ಎಂದರೆ "ಕತಾರಿನಲ್ಲಿ ಏನಿದೆ ಮಾರಾಯ್ರೆ, ಮಾಲ್ ಬಿಟ್ರೆ ಮರಳು" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ಕರ್ನಾಟಕದ ಕರಾವಳಿ ಮುನ್ನೂರು ಚಿಲ್ಲರೆ ಕಿಲೋಮೀಟರ್. ಈ ಪುಟ್ಟ ದೇಶದ್ದು ಸುಮಾರು 560. ಅದರುದ್ದಕ್ಕೂ ಚರಿತ್ರೆ ಬಿದ್ದುಕೊಂಡಿದೆ. ಕಳೆದ ಕೆಲವು ಚಳಿಗಾಲಗಳಲ್ಲಿ ರಜೆಯ ದಿನ ಒಬ್ಬಂಟಿಯಾಗಿ, ಆದಷ್ಟು ಕಡಿಮೆ ಖರ್ಚಿನಲ್ಲಿ ನಾನು ನೋಡಿ ಬಂದ ನಾಲ್ಕು ಜಾಗಗಳನ್ನು, ಸುಲಭದ್ದರಿಂದ ಕಷ್ಟದ್ದರ ಕಡೆಗೆ, ಇಲ್ಲಿ ಕೊಡುತ್ತಿದ್ದೇನೆ.

೧. ಅಲ್ ವಕ್ರಾ

ದೋಹಾದ ದಕ್ಷಿಣಕ್ಕಿರುವ ಹಳೆಯ ಮುತ್ತಿನ ಊರು. 2019ರಲ್ಲಿ ಶುರುವಾದ ಮೆಟ್ರೋದ ಕೆಂಪು ಮಾರ್ಗದ ಕೊನೆಯ ನಿಲ್ದಾಣ ಇದೇ. ಒಂದು ಸಲದ ಟಿಕೆಟ್ಟಿಗೆ ಎರಡು ರಿಯಾಲ್. ಕಡಲಿಗೆ ಅಂಟಿಕೊಂಡಿರುವ ಸೂಕ್‌ನ ಗಲ್ಲಿಗಳನ್ನು ಹಳೆಯ ಮಾದರಿಯಲ್ಲೇ ಮತ್ತೆ ಕಟ್ಟಿದ್ದಾರೆ.

ಇಲ್ಲಿ ಕೂತು ಒಂದು ಕರಕ್ ಚಹಾ ಕುಡಿಯುವಾಗ ಹಳೆಯ ಮುಳುಗುಗಾರರನ್ನು ನೆನೆಯಬೇಕು. ಎಣ್ಣೆ ಸಿಗುವ ಮೊದಲು ಈ ದೇಶ ಬದುಕಿದ್ದು ಮುತ್ತಿನಿಂದ. ಬೇಸಿಗೆಯ ನಾಲ್ಕು ತಿಂಗಳು ಗಂಡಸರು ದೋಣಿಯ ಮೇಲೆಯೇ ಇರುತ್ತಿದ್ದರು. ಮೂಗಿಗೆ ಕ್ಲಿಪ್ಪು, ಕಾಲಿಗೆ ಕಲ್ಲು, ಕೊರಳಿಗೆ ಬುಟ್ಟಿ, ಮೇಲೆಳೆಯಲು ಹಗ್ಗ ಹಿಡಿದ ಒಬ್ಬ ಜೊತೆಗಾರ, ಇಷ್ಟೇ ಸಲಕರಣೆ. ಮನೆಯ ಖರ್ಚಿಗೆಂದು ಮೊದಲೇ ಮುಂಗಡ ತೆಗೆದುಕೊಂಡಿರುತ್ತಿದ್ದರಿಂದ ಎಷ್ಟೋ ಜನರಿಗೆ ಋತು ಮುಗಿದರೂ ಸಾಲ ಮುಗಿಯುತ್ತಿರಲಿಲ್ಲ. ದೋಣಿಯ ಯಜಮಾನನಿಗೆ ಇಲ್ಲಿ 'ನೊಖಾದಾ' ಎನ್ನುತ್ತಾರೆ. ನಮ್ಮ ಭಟ್ಕಳದ ಕಡೆಯವರಿಗೆ ಈ ಪದ ಹೊಸದಲ್ಲ. ಮುತ್ತು ಮಾರಾಟಕ್ಕೆ ಹೋಗುತ್ತಿದ್ದುದು ಮುಖ್ಯವಾಗಿ ಮುಂಬಯಿಗೆ. 1966ರವರೆಗೂ ಇಲ್ಲಿ ಚಲಾವಣೆಯಲ್ಲಿದ್ದುದು ರೂಪಾಯಿಯೇ. 1959ರಿಂದ ಅದಕ್ಕಾಗಿ ನಮ್ಮ ರಿಸರ್ವ್ ಬ್ಯಾಂಕ್ ಬೇರೆಯೇ 'ಗಲ್ಫ್ ರೂಪಾಯಿ' ಅಚ್ಚು ಹಾಕಿತ್ತು.

೨. ಅಲ್ ಖೋರ್‌ನ ನೇರಳೆ ದ್ವೀಪ

ದೋಹಾದಿಂದ ಉತ್ತರಕ್ಕೆ ಸುಮಾರು 50 ಕಿ.ಮೀ. ಅಲ್ ಖೋರ್ ಪಟ್ಟಣದವರೆಗೆ ಕರ್ವಾ ಬಸ್ಸಿದೆ, ಅಲ್ಲಿಂದ ಟ್ಯಾಕ್ಸಿ. ದ್ವೀಪದ ಸುತ್ತ ಹೊನ್ನಾವರದ ಹಿನ್ನೀರನ್ನು ನೆನಪಿಸುವ ಕಾಂಡ್ಲಾ ಕಾಡು. ಮರಳುಗಾಡಿನಲ್ಲಿ ಇಷ್ಟು ಹಸಿರು ಕಂಡರೆ ಕಣ್ಣಿಗೇ ತಂಪು.

ಮೆಡಿಟರೇನಿಯನ್ನಿನ ಟೈರ್ ಪಟ್ಟಣ (ಈಗಿನ ಲೆಬನಾನ್) ಸಮುದ್ರದ ಬಸವನಹುಳುವಿನಿಂದ ತೆಗೆದ ನೇರಳೆ ಬಣ್ಣಕ್ಕೆ ಹೆಸರುವಾಸಿ. ರೋಮಿನ ಚಕ್ರವರ್ತಿಗಳು ತೊಡುತ್ತಿದ್ದುದು ಅದೇ ಬಣ್ಣ. ಅಂಥದೇ ಬಣ್ಣವನ್ನು ಕ್ರಿಸ್ತಪೂರ್ವ ಎರಡನೇ ಸಹಸ್ರಮಾನದಲ್ಲಿ, ಬ್ಯಾಬಿಲೋನಿನಲ್ಲಿ ಕ್ಯಾಸೈಟ್ ಅರಸರು ಆಳುತ್ತಿದ್ದ ಕಾಲಕ್ಕೆ, ಈ ದ್ವೀಪದಲ್ಲೂ ತೆಗೆಯುತ್ತಿದ್ದರು. ಇಲ್ಲಿನ ಒಂದೇ ತಿಪ್ಪೆಯಲ್ಲಿ ಜಜ್ಜಿದ ಸುಮಾರು 29 ಲಕ್ಷ ಚಿಪ್ಪುಗಳಿದ್ದವೆಂದು ಪುರಾತತ್ವಜ್ಞರ ಲೆಕ್ಕ. ಒಂದು ಹುಳುವಿನಿಂದ ಸಿಗುವುದು ಒಂದು ಹನಿಯಷ್ಟು ದ್ರವ. ಅರಮನೆಯ ಬಟ್ಟೆಗಾಗಿ ಎಷ್ಟು ಕೈಗಳು ದುಡಿದಿರಬೇಕು ನೋಡಿ.

೩. ಅಲ್ ಜಸ್ಸಾಸಿಯಾ

ಈಶಾನ್ಯ ತೀರದ ಸುಣ್ಣಕಲ್ಲಿನ ದಿಬ್ಬಗಳ ಮೇಲೆ ಸುಮಾರು 900 ಕೆತ್ತನೆಗಳಿವೆ. 1957ರಲ್ಲಿ ಬೆಳಕಿಗೆ ಬಂದವು, 1970ರ ದಶಕದಲ್ಲಿ ಡೆನ್ಮಾರ್ಕಿನ ತಂಡವೊಂದು ವಿವರವಾಗಿ ದಾಖಲಿಸಿತು. ಹುಟ್ಟುಗಳನ್ನು ಚಾಚಿದ ದೋಣಿಗಳನ್ನು ಮೇಲಿನಿಂದ ನೋಡಿದಂತೆ ಕೊರೆದಿದ್ದಾರೆ. ನನ್ನನ್ನು ನಿಲ್ಲಿಸಿದ್ದು ಮಾತ್ರ ಬೇರೆ: ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ನಮ್ಮ ಚೆನ್ನೆಮಣೆ! ಹಳೇ ಮೈಸೂರಿನವರು ಅಳಗುಳಿಮಣೆ ಎನ್ನುವುದು ಇದನ್ನೇ. ಇವುಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆಟಕ್ಕೇ ಕೊರೆದವೆಂದು ಎಲ್ಲರೂ ಒಪ್ಪುವುದೂ ಇಲ್ಲ. ಆದರೂ ಅಜ್ಜಿಯ ಜೊತೆ ಹುಣಸೆಬೀಜ ಹಿಡಿದು ಕೂತವರಿಗೆ ಇದನ್ನು ಕಂಡಾಗ ಆಗುವ ಖುಷಿಯೇ ಬೇರೆ.

೪. ಅಲ್ ಜುಬಾರಾ

ವಾಯವ್ಯ ತೀರ, ದೋಹಾದಿಂದ ನೂರು ಕಿ.ಮೀ. ದಾಟುತ್ತದೆ. 2013ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ, ಕತಾರಿನ ಮೊದಲ ವಿಶ್ವ ಪರಂಪರೆಯ ತಾಣ. ಹೆಚ್ಚಿನವರು 1938ರಲ್ಲಿ ಕಟ್ಟಿದ ಕೋಟೆಯ ಮುಂದೆ ಫೋಟೋ ತೆಗೆಸಿಕೊಂಡು ತಿರುಗಿಬಿಡುತ್ತಾರೆ. ನಿಜವಾದ ಊರು ಇನ್ನೂ ಮುಂದೆ, ಕಡಲ ಬದಿಯಲ್ಲಿದೆ. ಹದಿನೆಂಟನೇ ಶತಮಾನದ ಕೊನೆಗೆ ಇದು ಕೊಲ್ಲಿಯ ದೊಡ್ಡ ಮುತ್ತಿನ ಪೇಟೆಗಳಲ್ಲೊಂದು. ಮನೆಗಳು, ಮಾರುಕಟ್ಟೆ, ಖರ್ಜೂರದ ರಸ ಇಳಿಸುವ ಕೋಣೆಗಳು, ಸುತ್ತ ಕೋಟೆಗೋಡೆ. 1811ರ ದಾಳಿಯಲ್ಲಿ ಊರು ಸುಟ್ಟಿತು. ಆಮೇಲೆ ಅರ್ಧಂಬರ್ಧ ಚೇತರಿಸಿಕೊಂಡು, ಇಪ್ಪತ್ತನೇ ಶತಮಾನದ ಆರಂಭಕ್ಕೆ ಪೂರ್ತಿ ಖಾಲಿಯಾಯಿತು. ನಂತರ ಜಪಾನಿನ ಸಾಕುಮುತ್ತು ಬಂದು ಇಡೀ ಕೊಲ್ಲಿಯ ಕಸುಬನ್ನೇ ಮುಗಿಸಿತು.

ಅಗೆದು ತೆಗೆದ ಒಂದು ಗೋಡೆಯ ಗಾರೆಯ ಮೇಲೆ ಯಾರೋ ಗೀಚಿದ ಹಾಯಿದೋಣಿಯ ಚಿತ್ರ ಸಿಕ್ಕಿದೆ. ಪ್ರಾಜೆಕ್ಟ್ ಇರುವವರೆಗೆ ಇದ್ದು, ಮುಗಿದ ದಿನ ಗಂಟುಮೂಟೆ ಕಟ್ಟುವ ನಮ್ಮಂಥವರಿಗೆ ಆ ಚಿತ್ರ ಅರ್ಥವಾಗುತ್ತದೆ. ಒಂದು ಉದ್ಯಮ ನಂಬಿ ಜನ ಬರುತ್ತಾರೆ, ಮನೆ ಕಟ್ಟುತ್ತಾರೆ, ಉದ್ಯಮ ಹೋದರೆ ಅವರೂ ಹೋಗುತ್ತಾರೆ. ಇದು ಈ ತೀರದಲ್ಲಿ ನಮ್ಮಿಂದ ಶುರುವಾದದ್ದಲ್ಲ. ಹತ್ತು ವರ್ಷ ಇಲ್ಲಿ ಅನ್ನ ತಿಂದು, ಇದನ್ನು ತಿಳಿಯದೇ ವಾಪಸಾಗುವುದು ನನಗೆ ಸರಿಕಾಣುವುದಿಲ್ಲ.

ಹೊರಡುವವರಿಗೆ ನಾಲ್ಕು ಮಾತು

* ನವೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಒಂಟಿಯಾಗಿ ಬೇಡವೇ ಬೇಡ.
* ಶುಕ್ರವಾರ ಮಧ್ಯಾಹ್ನದ ನಮಾಜ್ ಹೊತ್ತಿಗೆ ಬಹಳಷ್ಟು ಮುಚ್ಚಿರುತ್ತದೆ. ಶನಿವಾರ ಬೆಳಿಗ್ಗೆ ಹೊರಡುವುದು ವಾಸಿ. ಜಾಗ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ.
* ಕೊನೆಯ ಎರಡು ಜಾಗಗಳಿಗೆ ಕಾರೇ ಬೇಕು. ಹೋಗಿ ಬರುವ ಬಾಡಿಗೆ ಮೊದಲೇ ಮಾತಾಡಿ. ಅಲ್ಲಿ ಇಳಿದುಬಿಟ್ಟರೆ ವಾಪಸ್ ಟ್ಯಾಕ್ಸಿ ಸಿಗುವುದು ಕಷ್ಟ.
* ಕನಿಷ್ಠ ಮೂರು ಲೀಟರ್ ನೀರು, ಟೋಪಿ, ಚಾರ್ಜ್ ಆದ ಫೋನ್ ಇರಲಿ. ಬುತ್ತಿಗೆ ಚಿತ್ರಾನ್ನ ಕಟ್ಟಿಕೊಂಡರೆ ಹೋಟೆಲ್ ಖರ್ಚೂ ಉಳಿಯಿತು. ಎಲ್ಲಿ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಒಬ್ಬರಿಗಾದರೂ ಹೇಳಿ ಹೋಗಿ.
* ಚಿಪ್ಪು, ಮಡಕೆ ಚೂರು ಜೇಬಿಗೆ ಹಾಕಬೇಡಿ. ಕೆತ್ತನೆಗಳ ಮೇಲೆ ಕಾಲಿಡಬೇಡಿ.

ಮೊದಲು ವಕ್ರಾ ನೋಡಿ ಬನ್ನಿ. ಮನಸ್ಸಿಗೆ ಹಿಡಿಸಿದರೆ ಮುಂದಿನ ಸಲ ಮಕ್ಕಳನ್ನೂ ಜಸ್ಸಾಸಿಯಾಕ್ಕೆ ಕರೆದುಕೊಂಡು ಹೋಗಿ, ಆ ಗುಳಿಗಳನ್ನು ಎಣಿಸಲು ಹೇಳಿ. ಮನೆಯಲ್ಲಿ ಚೆನ್ನೆಮಣೆ ಇದ್ದರೆ ಸಂಜೆ ಹೊರಗೆ ತೆಗೆಯಿರಿ.